ತಂತಿಯೋ, ಕವಚವೋ?

ಮನೆಮಂದಿಯೆಲ್ಲ ಕೂಡಿ ತೆಗೆಸಿಕೊಂಡ ಭಾವಚಿತ್ರದಲ್ಲಿ ಒಮ್ಮೊಮ್ಮೆ ಒಂದು ವಿಶೇಷ ಕಣ್ಣಿಗೆ ಬೀಳುತ್ತದೆ. ಎಲ್ಲರೂ ನಗುತ್ತಿರುವಾಗ ಒಬ್ಬರ ತುಟಿ ಮಾತ್ರ ಬಿಗಿದಿರುತ್ತದೆ. ಅದು ಗಾಂಭೀರ್ಯವಲ್ಲ, ಮುನಿಸೂ ಅಲ್ಲ. ಹಲ್ಲಿನ ಸಾಲು ಕಾಣದಿರಲೆಂಬ ಎಚ್ಚರಿಕೆ.

ಬೆಂಗಳೂರಿನ ಮಧ್ಯಮ ವರ್ಗದ ಒಂದು ಸಂಸಾರವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅಲ್ಲಿ ಹೀಗೆ ತುಟಿ ಬಿಗಿಯುವವರು ಇಬ್ಬರು. 13 ವರ್ಷದ ಮಗನ ಕೋರೆಹಲ್ಲುಗಳೆರಡು ಸಾಲಿನಲ್ಲಿ ಎಡೆ ದೊರೆಯದೆ ವಸಡಿನ ಮೇಲೆ ಹೊರಚಾಚಿವೆ. ಕಚೇರಿಗೆ ಹೋಗುವ 24 ವರ್ಷದ ಮಗಳಿಗೆ ಶಾಲೆಯ ದಿನಗಳಲ್ಲಿಯೇ ತಂದೆ ಸಾಲಮಾಡಿ ಕ್ಲಿಪ್ ಹಾಕಿಸಿದ್ದರು. ಎರಡು ವರ್ಷ ತಂತಿ ಧರಿಸಿ ಹಲ್ಲು ನೇರವಾಗಿತ್ತು. ಈಗ ಕೆಳಗಿನ ಬಾಚಿಹಲ್ಲುಗಳು ಮತ್ತೆ ಒಂದರ ಮೇಲೊಂದು ವಾಲಿವೆ. “ಒಮ್ಮೆ ಹೊಳೆಗೆ ಸುರಿದ ಹಣವನ್ನು ಮತ್ತೆ ಸುರಿಯಬೇಕೇ?” ಎಂಬುದು ತಂದೆಯ ಪ್ರಶ್ನೆ. “ಗಂಡು ನೋಡುವ ಕಾಲ. ಕಣ್ಣಿಗೆ ಕಾಣದ ಹೊಸ ಕವಚ ಬಂದಿದೆಯಂತೆ, ಅದನ್ನೇ ಹಾಕಿಸೋಣ” ಎಂಬುದು ತಾಯಿಯ ಆಸೆ. “ಅಕ್ಕನಿಗಾದರೆ ನನಗೂ ಅದೇ ಬೇಕು” ಎಂದು ಮಗನ ಹಟ. ಇಂದು ನೂರಾರು ಮನೆಗಳಲ್ಲಿ ನಡೆಯುತ್ತಿರುವ ಚರ್ಚೆ ಇದೇ ಆಗಿದೆ.

ಹಲ್ಲು ಚಲಿಸುವ ಬಗೆ

ಗೋಡೆಗೆ ಹೊಡೆದ ಮೊಳೆಯಂತೆ ಹಲ್ಲು ಎಲುಬಿನಲ್ಲಿ ನಾಟಿಕೊಂಡಿದೆಯೆಂದು ಬಹಳ ಮಂದಿ ಭಾವಿಸುವುದುಂಟು. ವಾಸ್ತವವಾಗಿ ಬೇರಿಗೂ ಎಲುಬಿಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ತಂತುಗಳ ಪದರವೊಂದಿದೆ. ಹಲ್ಲನ್ನು ಒಂದು ಕಡೆಗೆ ಮೆಲ್ಲನೆ ಒತ್ತುತ್ತಿದ್ದರೆ, ಒತ್ತಡ ಬಿದ್ದ ಕಡೆಯಲ್ಲಿ ಎಲುಬು ಕರಗುತ್ತದೆ; ಎಳೆತ ಉಂಟಾದ ಕಡೆಯಲ್ಲಿ ಹೊಸ ಎಲುಬು ಬೆಳೆಯುತ್ತದೆ. ಹೀಗೆ ತಿಂಗಳಿಗೆ ಹೆಚ್ಚೆಂದರೆ ಸುಮಾರು ಒಂದು ಮಿಲಿಮೀಟರಿನಷ್ಟು ಹಲ್ಲು ಸರಿಯುತ್ತದೆ. ಅವಸರದಿಂದ ಬಲ ಪ್ರಯೋಗಿಸಿದರೆ ಬೇರೇ ಸವೆಯುವ ಭಯವಿದೆ. ತಂತಿಯಾಗಲಿ ಕವಚವಾಗಲಿ ಮಾಡುವ ಕೆಲಸ ಇದೊಂದೇ. ಮಾಡುವ ರೀತಿ ಮಾತ್ರ ಬೇರೆ.

ಈ ಪ್ರಯತ್ನ ಇಂದಿನದಲ್ಲ. ಫ್ರಾನ್ಸಿನ ಪಿಯೇರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ದಂತವೈದ್ಯ ಗ್ರಂಥದಲ್ಲಿ, ಬಾಗಿದ ಲೋಹದ ಪಟ್ಟಿಗೆ ಹಲ್ಲುಗಳನ್ನು ದಾರದಿಂದ ಕಟ್ಟಿ ಸಾಲಿಗೆ ತರುವ ಕ್ರಮವನ್ನು ವಿವರಿಸಿದ್ದನು. ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ವಕ್ರದಂತಗಳನ್ನು ವರ್ಗೀಕರಿಸಿ ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟನು. ಆಗ ಪ್ರತಿಯೊಂದು ಹಲ್ಲಿಗೂ ಲೋಹದ ಬಳೆ ತೊಡಿಸಬೇಕಾಗಿತ್ತು. ಆಮ್ಲದಿಂದ ಹಲ್ಲಿನ ಮೇಲ್ಮೈಯನ್ನು ತುಸು ಒರಟಾಗಿಸಿದರೆ ಅಂಟು ಹಿಡಿಯುತ್ತದೆಂದು ಮೈಕೆಲ್ ಬ್ಯೂನಕೋರ್ 1955ರಲ್ಲಿ ತೋರಿಸಿದ ಮೇಲೆ, ಬಳೆಯ ಬದಲು ಪುಟ್ಟ ಬ್ರಾಕೆಟ್‌ಗಳನ್ನು ಅಂಟಿಸುವ ದಾರಿ ತೆರೆಯಿತು.

ಕವಚದ ಕಲ್ಪನೆಯೂ ಹಳೆಯದೇ. ಚಿಕಿತ್ಸೆಯ ಕೊನೆಯ ಹಂತದಲ್ಲಿ ಹಲ್ಲನ್ನು ತಿದ್ದಲು ರಬ್ಬರಿನ ಅಚ್ಚನ್ನು ಬಳಸಬಹುದೆಂದು ಕೆಸ್ಲಿಂಗ್ ಎಂಬ ಅಮೆರಿಕದ ತಜ್ಞ 1945ರಲ್ಲಿಯೇ ಬರೆದಿದ್ದನು. ಆದರೆ ಗಣಕಯಂತ್ರದ ನೆರವಿನಿಂದ ಮೊದಲೇ ಲೆಕ್ಕ ಹಾಕಿ ಪಾರದರ್ಶಕ ಅಚ್ಚುಗಳ ಸರಣಿಯನ್ನೇ ತಯಾರಿಸುವ ಪದ್ಧತಿ ವ್ಯಾಪಕವಾದದ್ದು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದಿದ ಜಿಯಾ ಚಿಶ್ತಿ ಮತ್ತು ಕೆಲ್ಸಿ ವಿರ್ತ್ 1997ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಂಪನಿ ಸ್ಥಾಪಿಸಿದ ಮೇಲೆ. ಇವೇ ಅಲೈನರ್‌ಗಳು. ಒಂದೊಂದು ಅಚ್ಚು ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಮಾತ್ರ ಸರಿಸುತ್ತದೆ. ಒಂದೆರಡು ವಾರಕ್ಕೊಮ್ಮೆ ಅದನ್ನು ತೆಗೆದಿಟ್ಟು ಮುಂದಿನದನ್ನು ತೊಡಬೇಕು.

ಗುಣ, ದೋಷ

ತಂತಿಯ ಮುಖ್ಯ ಗುಣವೆಂದರೆ ಅದು ಬಾಯಿಯಿಂದ ಇಳಿಯುವುದಿಲ್ಲ. ಧರಿಸಿದವರು ಮರೆತರೂ ಅದು ಮರೆಯದು. ಹಗಲಿರುಳು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಹಲ್ಲನ್ನು ಬೇರುಸಹಿತ ದೂರ ಸರಿಸುವುದು, ಮೇಲಕ್ಕೆ ಸಿಕ್ಕಿಕೊಂಡ ಕೋರೆಹಲ್ಲನ್ನು ಸಾಲಿಗೆ ಇಳಿಸುವುದು, ಹಲ್ಲು ಕಿತ್ತ ಎಡೆಯನ್ನು ಮುಚ್ಚುವುದು, ಇಂಥ ಕಠಿಣ ಕೆಲಸಗಳಲ್ಲಿ ಅದರ ಕೈ ಮೇಲು. ತೊಡಕುಗಳೂ ಇಲ್ಲದಿಲ್ಲ. ಕೆನ್ನೆಯ ಒಳಭಾಗ ಉಜ್ಜಿ ಹುಣ್ಣಾಗುತ್ತದೆ. ಬ್ರಾಕೆಟ್‌ಗಳ ಸುತ್ತ ಅನ್ನದ ಅಗುಳು ಸಿಕ್ಕಿ, ಸರಿಯಾಗಿ ಉಜ್ಜದಿದ್ದರೆ ಹಲ್ಲಿನ ಮೇಲೆ ಅಳಿಸಲಾಗದ ಬಿಳಿಯ ಕಲೆ ಉಳಿಯುತ್ತದೆ. ಕೋಡುಬಳೆ, ಕಬ್ಬು, ಕಡಲೆಮಿಠಾಯಿಗಳಿಗೆ ಚಿಕಿತ್ಸೆ ಮುಗಿಯುವವರೆಗೂ ವಿದಾಯ ಹೇಳಬೇಕು. ಹಲ್ಲಿದ್ದವರಿಗೆ ಕಡಲೆಯಿಲ್ಲವೆಂಬ ಗಾದೆ ಇವರಿಗೆ ಹೊಸ ಅರ್ಥದಲ್ಲಿ ಅನ್ವಯಿಸುತ್ತದೆ: ಹಲ್ಲೂ ಉಂಟು, ಕಡಲೆಯೂ ಉಂಟು, ನಡುವೆ ತಂತಿ ಬಂದಿದೆ.

ಕವಚ ದೂರದಿಂದ ಕಾಣದು. ಊಟಕ್ಕೆ ತೆಗೆದಿಡಬಹುದು, ಹಲ್ಲನ್ನು ಎಂದಿನಂತೆ ಉಜ್ಜಬಹುದು. ಸ್ವಲ್ಪ ಮಟ್ಟಿನ ಒತ್ತಾಟ, ಸಣ್ಣ ಸಂದುಗಳು, ವಾಲಿದ ಮುಂದಿನ ಹಲ್ಲು, ಇವುಗಳನ್ನು ಚೆನ್ನಾಗಿಯೇ ಸರಿಪಡಿಸುತ್ತದೆ. ಆದರೆ ಉರುಟಾದ ಕೋರೆಹಲ್ಲನ್ನು ತಿರುಗಿಸುವಾಗ ಅಥವಾ ಕೆಳಕ್ಕೆ ಎಳೆಯುವಾಗ ಅದರ ಹಿಡಿತ ಜಾರುವುದುಂಟು. ಅದಕ್ಕಾಗಿ ಹಲ್ಲಿನ ಬಣ್ಣದ ಸಣ್ಣ ಉಬ್ಬುಗಳನ್ನು ಅಂಟಿಸುತ್ತಾರೆ. ಹಾಗಾಗಿ ‘ಕಣ್ಣಿಗೇ ಕಾಣದು’ ಎಂಬ ಮಾತು ಪೂರ್ತಿ ನಿಜವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿದ್ದರೆ ಮಾತ್ರ ಅದು ಫಲ ಕೊಡುತ್ತದೆ. ಅದನ್ನು ಧರಿಸಿ ನೀರಲ್ಲದೆ ಬೇರೇನನ್ನೂ ಕುಡಿಯುವಂತಿಲ್ಲ. ಬಿಸಿ ಕಾಫಿಗೆ ಅಚ್ಚು ಸೊಟ್ಟಗಾಗುತ್ತದೆ, ಕಲೆಯೂ ಹಿಡಿಯುತ್ತದೆ. ದಿನಕ್ಕೆ ಐದು ಬಾರಿ ಕಾಫಿ ಕುಡಿಯುವವರು ಗಂಟೆಗಳ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಲೇಸು. ಮದುವೆ ಮನೆಯಲ್ಲಿ ಕಾಗದದಲ್ಲಿ ಸುತ್ತಿಟ್ಟ ಕವಚ ಎಂಜಲೆಲೆಯೊಡನೆ ಹೊರಟುಹೋಗುವ ಅಪಾಯವೂ ಇದೆ. ಖರ್ಚು ಸಾಮಾನ್ಯವಾಗಿ ಲೋಹದ ತಂತಿಗಿಂತ ಹೆಚ್ಚು.

ತಜ್ಞರ ತೀರ್ಮಾನ

ಆಯ್ಕೆಯ ಭಾರವನ್ನು ಜಾಹೀರಾತಿನ ಮೇಲೆ ಹೊರಿಸಬಾರದು. ದಂತವೈದ್ಯ ಪದವಿಯ ಮೇಲೆ ಮೂರು ವರ್ಷ ಈ ಶಾಖೆಯಲ್ಲಿಯೇ ವ್ಯಾಸಂಗ ಮಾಡಿದ ವಕ್ರದಂತ ತಜ್ಞರು ಕ್ಷಕಿರಣ ಚಿತ್ರ ತೆಗೆದು, ಎಲುಬು, ಬೇರು, ವಸಡುಗಳನ್ನು ಪರೀಕ್ಷಿಸಿ ಹೇಳಬೇಕಾದ ಮಾತು ಇದು. ವೈದ್ಯರನ್ನು ಮುಖತಃ ಕಾಣದೆ ಅಂಚೆಯ ಮೂಲಕವೇ ಕವಚ ತರಿಸಿಕೊಳ್ಳುವ ವ್ಯವಸ್ಥೆ ಅಮೆರಿಕದಲ್ಲಿ ಜನಪ್ರಿಯವಾಗಿತ್ತು. ಅದನ್ನು ನಡೆಸುತ್ತಿದ್ದ ದೊಡ್ಡ ಕಂಪನಿಯೊಂದು 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿದಾಗ ಅನೇಕರ ಚಿಕಿತ್ಸೆ ಅರ್ಧಕ್ಕೇ ನಿಂತಿತು. ಹಣದ ಅಡಚಣೆಯುಳ್ಳವರು ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಂಥ ಬೋಧನಾಸ್ಪತ್ರೆಗಳಲ್ಲಿ ವಿಚಾರಿಸಬಹುದು. ಅಲ್ಲಿ ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ. ವೆಚ್ಚವೂ ಖಾಸಗಿ ಚಿಕಿತ್ಸಾಲಯಗಳಿಗಿಂತ ಕಡಿಮೆ.

ಆ ಸಂಸಾರವೂ ಕೊನೆಗೆ ತಜ್ಞರ ಬಳಿಗೆ ಹೋಯಿತೆಂದು ಭಾವಿಸಬಹುದು. ವೈದ್ಯರು ಹುಡುಗನ ಬಾಯಿ ನೋಡಿ ಮೊದಲು ಕೇಳುವ ಪ್ರಶ್ನೆ ಹಲ್ಲಿನದಲ್ಲ.

“ಈ ವರ್ಷ ಶಾಲೆಯಲ್ಲಿ ಎಷ್ಟು ನೀರಿನ ಬಾಟಲಿ ಕಳೆದೆಯಪ್ಪ?”

“ಮೂರು” ಎಂದು ಹುಡುಗ ತಲೆತಗ್ಗಿಸುತ್ತಾನೆ.

“ಹಾಗಾದರೆ ನಿನಗೆ ತಂತಿಯೇ ಸರಿ.”

ಅದಕ್ಕಿಂತ ದೊಡ್ಡ ಕಾರಣವೂ ಇದೆ. ಕೋರೆಹಲ್ಲುಗಳಿಗೆ ಎಡೆ ಮಾಡಿಕೊಡಲು ಅವುಗಳ ಹಿಂದಿನ ಒಂದೊಂದು ಹಲ್ಲನ್ನು ಕೀಳಿಸಬೇಕು. ಮೇಲಿನ ಹಲ್ಲು ಕಿತ್ತರೆ ಕಣ್ಣಿಗೆ ಕೇಡೆಂದು ಅಜ್ಜಿ ಗಾಬರಿಗೊಂಡರೆ ಆಶ್ಚರ್ಯವಿಲ್ಲ. ಆದರೆ ಹಲ್ಲು ಕೀಳುವುದಕ್ಕೂ ದೃಷ್ಟಿಗೂ ಯಾವ ಸಂಬಂಧವೂ ಇಲ್ಲ. ಮಗಳ ಹಲ್ಲುಗಳು ವಾಲಿರುವುದು ಸ್ವಲ್ಪವೇ. ಆಕೆಗೆ ಕವಚ ಸಾಕು. ತಾಯಿ ಬಯಸಿದ್ದೂ ಅದನ್ನೇ, ಆದರೆ ವೈದ್ಯರು ಒಪ್ಪಿದ್ದು ಗಂಡು ನೋಡುವ ಕಾಲವೆಂದಲ್ಲ.

“ಹಿಂದಿನ ಸಲ ತಂತಿ ಬಿಚ್ಚಿದ ಮೇಲೆ ರಾತ್ರಿ ಹಾಕಿಕೊಳ್ಳಲು ಕೊಟ್ಟ ರಿಟೈನರ್ ಎಲ್ಲಿದೆಯಮ್ಮ?” ಎಂದು ಅವರು ಕೇಳಿದಾಗ ಆಕೆ ಮೆಲ್ಲನೆ ಹೇಳುತ್ತಾಳೆ: “ಬೀರುವಿನಲ್ಲಿದೆ, ಡಾಕ್ಟ್ರೇ.”

ತಂದೆಯ ಹಣವನ್ನು ಹೊಳೆ ಕೊಂಡೊಯ್ದಿರಲಿಲ್ಲ. ಬೀರುವಿನ ಆ ಪುಟ್ಟ ಡಬ್ಬಿಯೇ ನುಂಗಿತ್ತು. ಸರಿಸಿದ ಹಲ್ಲನ್ನು ಸುತ್ತಲಿನ ತಂತುಗಳು ಹಳೆಯ ಜಾಗಕ್ಕೆ ಎಳೆಯುತ್ತಲೇ ಇರುತ್ತವೆ. ವಯಸ್ಸಾದಂತೆ ಕೆಳಗಿನ ಬಾಚಿಹಲ್ಲುಗಳು ತಾವಾಗಿಯೂ ಒತ್ತಿಕೊಳ್ಳುತ್ತವೆ. ಆದುದರಿಂದ ಯಾವ ಸಾಧನದಿಂದ ಹಲ್ಲು ನೇರವಾದರೂ ಅದನ್ನು ಹಾಗೆಯೇ ಉಳಿಸಿಕೊಳ್ಳುವುದು ವರ್ಷಗಟ್ಟಲೆಯ ವ್ರತ.

ತಂತಿಯೋ ಕವಚವೋ ಎಂಬುದನ್ನು ಹಲ್ಲಿನ ಸ್ಥಿತಿಯೂ ಧರಿಸುವವರ ಸ್ವಭಾವವೂ ಕೂಡಿ ನಿರ್ಣಯಿಸುತ್ತವೆ. ಎರಡೂ ಮುಗಿದ ಮೇಲೆ ಉಳಿಯುವುದು ಆ ಡಬ್ಬಿ ಮಾತ್ರ. ಅದು ಬೀರುವಿನಲ್ಲಿರದೆ ಹಾಸಿಗೆಯ ಪಕ್ಕದಲ್ಲಿದ್ದರೆ, ಮುಂದಿನ ಭಾವಚಿತ್ರದಲ್ಲಿ ಬಿಗಿದ ತುಟಿ ಕಾಣಲಾರದು.