ತೋಟದ ಮನೆಯ ಸುಧಾರಣೆ: ಅಟ್ಟ, ನೀರು, ಹಿತ್ತಲು

ಬೇಸಾಯಗಾರನ ಮನೆಯನ್ನು ಕೇವಲ ವಾಸಸ್ಥಾನವೆಂದು ಭಾವಿಸಿ ಅದರ ಸುಧಾರಣೆಯನ್ನು ಯೋಜಿಸುವುದು ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗಳಲ್ಲಿ ನಷ್ಟಕ್ಕೆ ದಾರಿಯಾಗಬಲ್ಲುದು. ಪಟ್ಟಣದಲ್ಲಿ ಅಡುಗೆಮನೆಯನ್ನು ಕೆಡವಿ ಕಟ್ಟಿಸಿದರೆ ಮನೆಮಂದಿಗೆ ಕೆಲವು ವಾರಗಳ ತೊಂದರೆ ಮಾತ್ರ. ತೋಟದ ಮನೆಯಾದರೋ ಉಗ್ರಾಣವೂ ಹೌದು, ಕೊಟ್ಟಿಗೆಯೂ ಹೌದು. ಒಂದರ್ಥದಲ್ಲಿ ಕಾರ್ಖಾನೆಯೂ ಹೌದು. ಅದರ ಒಂದು ಗೋಡೆಯನ್ನು ಕದಲಿಸಿದರೆ ಉತ್ಪತ್ತಿಯ ಒಂದು ಘಟ್ಟವೇ ಕದಲುತ್ತದೆ.

ಇದಕ್ಕೆ ಅಟ್ಟವೇ ನಿದರ್ಶನ. ಈ ಭಾಗದ ಬೆಳೆಗಾರರು ಬಲಿತ ತೆಂಗಿನಕಾಯಿಯನ್ನು ಸುಲಿಯದೆಯೇ ಅಟ್ಟಕ್ಕೇರಿಸಿ ಎಂಟರಿಂದ ಹನ್ನೆರಡು ತಿಂಗಳು ಬಿಡುವುದುಂಟು. ಒಳಗಿನ ನೀರು ಕ್ರಮೇಣ ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲ್ಲಾಡಿಸಿದಾಗ ಗಡಗಡ ಸದ್ದು ಕೇಳಿದರೆ ಉಂಡೆ ಕೊಬ್ಬರಿ ಸಿದ್ಧವಾಯಿತೆಂದು ತಿಳಿಯುತ್ತಾರೆ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದುದು ಈ ಕೊಬ್ಬರಿಯೇ. ಅದಕ್ಕೆ ಒಣ ನೆಲೆ ಬೇಕು, ಕೆಳಗಿನಿಂದ ಗಾಳಿಯಾಡಬೇಕು, ಆದುದರಿಂದಲೇ ಅಟ್ಟದ ತಳವನ್ನು ತೆರಪು ಬಿಟ್ಟು ಜೋಡಿಸುವ ರೂಢಿ ಬಂದಿದೆ. ಹೆಂಚಿನ ಮನೆಯನ್ನು ಕೆಡವಿ ತಾರಸಿ ಹಾಕಿಸಿದಾಗ ಮೊದಲು ಮಾಯವಾಗುವುದು ಈ ಅಟ್ಟ. ಆ ವರ್ಷದ ಕಾಯಿಯನ್ನು ಇರಿಸಲು ಎಡೆಯಿಲ್ಲದೆ ಹಸಿಯಾಗಿಯೇ ಮಾರಬೇಕಾಗುತ್ತದೆ. ಬೆಲೆಗಾಗಿ ಕಾಯುವ ಸ್ವಾತಂತ್ರ್ಯವು ಹೀಗೆ ಕೈಬಿಡುತ್ತದೆ. ಅಟ್ಟದ ನಿಜವಾದ ಬೆಲೆಯೂ ಅದೇ. ಸಾವಿರ ಕಾಯಿಯ ತೂಕ ಸುಮಾರು ಒಂದು ಟನ್ನಿಗೆ ಕಡಮೆಯಿರದು. ಹೊಸ ಮನೆಯ ಮಹಡಿಯ ಮೇಲೆ ಅದನ್ನು ಹೇರಿದರಾಯಿತೆಂಬ ಆಲೋಚನೆಯೂ ಸಲ್ಲದು. ಮೊದಲು ಪ್ರತ್ಯೇಕವಾದ ಅಟ್ಟದ ಕೊಟ್ಟಡಿ, ಅನಂತರ ಮನೆ: ಇದೇ ಯುಕ್ತವಾದ ಕ್ರಮವೆಂದು ನಮ್ಮ ಅಭಿಪ್ರಾಯ.

ಕಾಲದ ಪ್ರಶ್ನೆಯೂ ಅಷ್ಟು ಸರಳವಲ್ಲ. ಮುಂಗಾರಿನಲ್ಲಿ ರಾಗಿಯ ಬಿತ್ತನೆ, ವರ್ಷಾಂತ್ಯದಲ್ಲಿ ಕೊಯ್ಲು, ನಡುವೆ ಅಡಕೆಯ ಸುಲಿತ, ಬೇಯಿಸುವಿಕೆ, ಒಣಗಿಸುವಿಕೆಗೆ ಅಂಗಳವೆಲ್ಲ ಬೇಕು. ಬಿಡುವು ದೊರೆಯುವುದು ಸಂಕ್ರಾಂತಿಯ ಅನಂತರ. ಆದರೆ ಬೇಸಗೆ ಏರಿದಂತೆ ಮರಗಳಿಗೂ ನೀರು ಬೇಕು, ಹೊಸ ಗೋಡೆಗೂ ನೀರುಣಿಸಬೇಕು, ಬಾವಿಯಂತೂ ಒಂದೇ. ಆದುದರಿಂದ ಗಾರೆಯ ಕೆಲಸವನ್ನು ಫೆಬ್ರವರಿಯೊಳಗೆ ಮುಗಿಸಿ, ಮರಗೆಲಸವನ್ನೂ ಮಾಡಿನ ಕೆಲಸವನ್ನೂ ಬಿರುಬೇಸಗೆಗೆ ಉಳಿಸಿಕೊಳ್ಳುವುದು ಲೇಸು.

ಮಾಡಿನ ನೀರಿನ ಲೆಕ್ಕವನ್ನು ವಿದ್ಯಾರ್ಥಿಗಳು ಸುಲಭವಾಗಿ ಮಾಡಬಹುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರು. 100 ಚದರ ಮೀಟರಿನ ಮಾಡಿಗೆ ವರ್ಷದಲ್ಲಿ 600 ಮಿಲಿಮೀಟರ್ ಮಳೆ ಬಿದ್ದರೆ 60,000 ಲೀಟರು. ಐದರಲ್ಲೊಂದು ಪಾಲು ಪೋಲಾದರೂ 48,000 ಉಳಿಯುತ್ತದೆ. ಮರವೊಂದಕ್ಕೆ ದಿನಕ್ಕೆ 50 ಲೀಟರಿನಂತೆ ಕೊಟ್ಟರೆ ನೂರು ತೆಂಗಿನ ತೋಟಕ್ಕೆ ಇದು ಹತ್ತು ದಿನಕ್ಕೂ ಸಾಲದು. ಆದರೆ ಆರು ಮಂದಿಯ ಕುಡಿಯುವ ಮತ್ತು ಅಡುಗೆಯ ನೀರಿಗೆ, ತಲೆಗೆ ಹತ್ತು ಲೀಟರಿನಂತೆ, 10,000 ಲೀಟರಿನ ತೊಟ್ಟಿಯೊಂದು ಐದು ತಿಂಗಳು ಒದಗುತ್ತದೆ. ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಮಿತಿಮೀರಿರುವುದನ್ನು ನೆನೆದರೆ ಈ ತೊಟ್ಟಿಯ ಮಹತ್ವ ವಿಶದವಾಗುವುದು. ತೋಟಕ್ಕೆ ಒದಗಬೇಕಾದುದು ಬಚ್ಚಲಿನ ನೀರು: ದಿನಕ್ಕೆ 300 ಲೀಟರು ಹೊರಬಿದ್ದರೆ ಐದಾರು ತೆಂಗಿನ ಮರಗಳನ್ನು ಸಾಕಬಹುದು. ಬಚ್ಚಲೂ ಕಕ್ಕಸಿನ ಗುಂಡಿಯೂ ಬಾವಿಗೆ ದೂರವಾಗಿ, ಇಳಿಜಾರಿನ ಕೆಳಬದಿಗಿರಬೇಕು. ವಾಸ್ತು ನೋಡುವವರು ಈ ಇಳಿಜಾರನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಹಿತ್ತಲಿನ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದುದು. ಅಲ್ಲಿಯ ರೈತರೊಬ್ಬರ ಮರದಿಂದ ಗುರುತಿಸಿದ ಕೆಂದೊಳೆಯ ‘ಸಿದ್ದು’ ತಳಿಯನ್ನು ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವು ಪ್ರಚಾರಕ್ಕೆ ತಂದಿದೆ. ಕಸಿಯ ಗಿಡವನ್ನು ಮುಂಗಾರಿನ ಆರಂಭದಲ್ಲಿ ನೆಡಬೇಕು. ಆದರೆ ತಳಪಾಯದಿಂದಲೂ ಬಾವಿಯ ಕಟ್ಟೆಯಿಂದಲೂ ಮೂವತ್ತು ಅಡಿ ಬಿಟ್ಟು, ಮುಂದೆ ಅಟ್ಟದ ಕೊಟ್ಟಡಿಗೆ ಗಾಡಿ ಬರುವ ದಾರಿಯನ್ನು ಮೊದಲೇ ಗುರುತು ಹಾಕಿಕೊಂಡು ನೆಡಬೇಕು.