ಚುಕ್ಕಿ ಎಣಿಸಿದರೆ ಸೂತ್ರ ಸಿಕ್ಕೀತು

ರಂಗೋಲಿ ಪುಸ್ತಕಗಳಲ್ಲಿ ಚಿತ್ರದ ಕೆಳಗೆ ಪುಟ್ಟದೊಂದು ಸೂಚನೆ ಇರುತ್ತದೆ: ‘ಸಂದು ಚುಕ್ಕಿ, 7ರಿಂದ 4’. ನಡುವಿನ ಸಾಲಿಗೆ ಏಳು ಚುಕ್ಕಿ. ಅದರ ಮೇಲೂ ಕೆಳಗೂ, ಎರಡು ಚುಕ್ಕಿಗಳ ಸಂದಿಗೆ ಒಂದರಂತೆ, ಆರು. ಆಮೇಲೆ ಐದು, ನಾಲ್ಕು. ಹಬ್ಬದ ದಿನ ಅಂಗಳದಲ್ಲಿ ಕೂತ ಹುಡುಗಿಗೆ ಇಷ್ಟು ಹೇಳಿದರೆ ಸಾಕು. ಅದೇ ಹುಡುಗಿ ಹತ್ತನೇ ತರಗತಿಯಲ್ಲಿ ‘ಸಮಾಂತರ ಶ್ರೇಢಿ’ ಅಂದೊಡನೆ ಹೆದರುತ್ತಾಳೆ. ಅಂಗಳದಲ್ಲಿ ತಾನು ಇಟ್ಟದ್ದು ಸಮಾಂತರ ಶ್ರೇಢಿಯನ್ನೇ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ.

7, 6, 5, 4 ಎಂಬ ಸಾಲಿನಲ್ಲಿ ಮೊದಲ ಪದ 7, ಸಾಮಾನ್ಯ ವ್ಯತ್ಯಾಸ −1, ಪದಗಳು ನಾಲ್ಕು. ಈ ಮೂರು ಗೊತ್ತಾದರೆ ಇಡೀ ಸಾಲು ಕೈಗೆ ಬಂದಂತೆ. 5, 8, 11 ಎಂದು ಏರುವ ಸಾಲಿನ ನೂರನೇ ಪದ ಬೇಕೇ? ಮೊದಲ ಪದದಿಂದ ಅಲ್ಲಿಗೆ 99 ಹೆಜ್ಜೆ, ಒಂದೊಂದು ಹೆಜ್ಜೆಗೂ 3. ಹಾಗಾಗಿ 5 + 99 × 3 = 302. ‘ಎನ್’ನೇ ಪದ ಕಂಡುಹಿಡಿಯುವ ಸೂತ್ರದಲ್ಲಿ ‘ಎನ್ − 1’ ಯಾಕೆ ಬರುತ್ತದೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ಈ ಲೆಕ್ಕ ನಮ್ಮ ನೆಲಕ್ಕೆ ಹೊಸದಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಶ್ರೇಢಿಯ ಮೊದಲ ಪದ, ವ್ಯತ್ಯಾಸ, ಪದಗಳ ಸಂಖ್ಯೆ ಅಲ್ಲಿ ಆದಿ, ಚಯ, ಗಚ್ಛ. ಮೊತ್ತ ಗೊತ್ತಿದ್ದು ಈ ಮೂರರಲ್ಲಿ ಒಂದು ಗೊತ್ತಿಲ್ಲದಿದ್ದರೆ ಅದನ್ನು ಕಂಡುಹಿಡಿಯುವ ದಾರಿಯನ್ನೂ ಆತ ತೋರಿಸಿದ. ಗೊತ್ತಿರುವುದರ ಕೈ ಹಿಡಿದು ಗೊತ್ತಿಲ್ಲದ್ದನ್ನು ತಲುಪುವುದೇ ಬೀಜಗಣಿತ.

ಇನ್ನು ಕೂಡುವ ಮಾತು. 1ರಿಂದ 7ರವರೆಗಿನ ಸಂಖ್ಯೆಗಳನ್ನು ಒಂದು ಸಾಲಿನಲ್ಲಿ ಬರೆಯಿರಿ. ಕೆಳಗೆ ಅವನ್ನೇ ತಿರುವುಮುರುವಾಗಿ, 7ರಿಂದ 1ಕ್ಕೆ. ಮೇಲಿನದನ್ನೂ ಕೆಳಗಿನದನ್ನೂ ಕೂಡಿದರೆ ಎಲ್ಲೆಡೆ 8. ಏಳು ಎಂಟಲೆ ಐವತ್ತಾರು. ಒಂದೇ ಸಾಲನ್ನು ಎರಡು ಸಲ ಎಣಿಸಿದ್ದರಿಂದ ಅದರಲ್ಲಿ ಅರ್ಧ, 28. ಮೊದಲ ಮತ್ತು ಕೊನೆಯ ಪದ ಕೂಡಿಸಿ, ಪದಗಳ ಸಂಖ್ಯೆಯ ಅರ್ಧದಿಂದ ಗುಣಿಸು ಎಂಬ ಈ ಕ್ರಮ 499ರ ‘ಆರ್ಯಭಟೀಯ’ದಲ್ಲೇ ಇದೆ.

ಈಗ ‘7ರಿಂದ 4’ರ ರಂಗೋಲಿಗೆ ಒಟ್ಟು ಎಷ್ಟು ಚುಕ್ಕಿ? ಸಾಲುಸಾಲಾಗಿ ಕೂಡಿದರೆ 4 + 5 + 6 + 7 + 6 + 5 + 4, ಅಂದರೆ 37. ಅದನ್ನೇ ನಡುವಿನಿಂದ ನೋಡಿ. ನಟ್ಟನಡುವೆ ಒಂದು ಚುಕ್ಕಿ, ಅದರ ಸುತ್ತ 6, ಅದರಾಚೆಯ ಸುತ್ತಿನಲ್ಲಿ 12, ಅಂಚಿನಲ್ಲಿ 18. ಆರು ಮೂಲೆಯ ಆಕೃತಿ, ಆದ್ದರಿಂದ ಪ್ರತಿ ಸುತ್ತಿಗೂ ಆರಾರು ಹೆಚ್ಚುತ್ತವೆ. ಒಟ್ಟು 1 + 6 × (1 + 2 + 3) = 37.

ಅಕ್ಷರ ಬೇಕಾಗುವುದು ಇಲ್ಲಿ. ಅಂಚಿನ ಸಾಲಿನ ಚುಕ್ಕಿಗಳು ‘ಎನ್’ ಇದ್ದರೆ ಸುತ್ತುಗಳು ‘ಎನ್ − 1’. ಕೂಡುವ ಕ್ರಮವನ್ನು ಬಳಸಿದರೆ ಒಟ್ಟು ಚುಕ್ಕಿ 1 + 3 × ಎನ್ × (ಎನ್ − 1). ‘15ರಿಂದ 8’ರ ದೊಡ್ಡ ರಂಗೋಲಿಗೆ ಎನ್ ಬದಲು 8 ಹಾಕಿ: 1 + 3 × 8 × 7 = 169. ಚಿಕ್ಕದು, ದೊಡ್ಡದು, ಇನ್ನೂ ಯಾರೂ ಬಿಡಿಸದ್ದು, ಎಲ್ಲಕ್ಕೂ ಸೇರಿ ಒಂದೇ ಮಾತು. ಅಕ್ಷರದ ಶಕ್ತಿ ಅದು.

ಗಣಿತದ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಸೂತ್ರವನ್ನು ಹಲಗೆಯ ಮೇಲೆ ಬರೆಯುವ ಮುಂಚೆ ಒಂದು ಪೀರಿಯಡ್ ಚುಕ್ಕಿಗಳಿಗೆ ಕೊಡಿ. ಮಕ್ಕಳೇ, ನಿಮಗೊಂದು ಲೆಕ್ಕ: ಸಂದು ಚುಕ್ಕಿಯನ್ನು ಎರಡೂ ಕಡೆ 1ಕ್ಕೆ ಬರುವವರೆಗೂ ಇಳಿಸಿದರೆ, ‘4ರಿಂದ 1’ಕ್ಕೆ 16, ‘5ರಿಂದ 1’ಕ್ಕೆ 25, ‘7ರಿಂದ 1’ಕ್ಕೆ 49. ಯಾವಾಗಲೂ ವರ್ಗಸಂಖ್ಯೆಯೇ ಯಾಕೆ? ಸಾಲುಗಳನ್ನು ಅಡ್ಡಕ್ಕೆ ನೋಡದೆ ಓರೆಯಾಗಿ ನೋಡಿ. ಕಾರಣವನ್ನು ತಾವೇ ಕಂಡುಕೊಂಡವರಿಗೆ ಪರೀಕ್ಷೆಯಲ್ಲಿ ಸೂತ್ರ ಮರೆತರೂ ಭಯವಿಲ್ಲ. ಅಲ್ಲೇ ಕೂತು ಮತ್ತೆ ಕಟ್ಟಿಕೊಳ್ಳಬಲ್ಲರು.