ಅಪರಾಧಿಗಳ ಕಡತಗಳೇ ಸಾಕ್ಷಿ ನುಡಿದಾಗ

ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯ ನಾಯಕರ ವಿಚಾರಣೆ ನ್ಯೂರೆಂಬರ್ಗ್ ನಗರದಲ್ಲಿ 1945ರ ನವೆಂಬರ್ 20ರಂದು ಆರಂಭವಾಗುವ ಮೊದಲೇ, ಮೊಕದ್ದಮೆಯನ್ನು ಮುಖ್ಯವಾಗಿ ಲಿಖಿತ ದಾಖಲೆಗಳ ಮೇಲೆ ನಿಲ್ಲಿಸಬೇಕೆಂದು ಅಮೆರಿಕದ ಮುಖ್ಯ ಅಭಿಯೋಜಕ ರಾಬರ್ಟ್ ಜ್ಯಾಕ್ಸನ್ ನಿರ್ಧರಿಸಿದ್ದರು. ನೊಂದವರ ಮಾತನ್ನು ದ್ವೇಷದ ಮಾತೆಂದೋ ಮರೆವಿನ ಮಾತೆಂದೋ ತಳ್ಳಿಹಾಕಲು ಆರೋಪಿಗಳಿಗೆ ಅವಕಾಶವಿತ್ತು. ತಾವೇ ಸಹಿ ಹಾಕಿದ ಆದೇಶವನ್ನು ಅಲ್ಲಗಳೆಯುವುದು ಅಷ್ಟು ಸುಲಭವಾಗಿರಲಿಲ್ಲ. ಇಂದು ಸಂಶೋಧಕರಿಗೆ ದೊರೆಯುವ ನ್ಯೂರೆಂಬರ್ಗ್ ದಾಖಲೆಸಂಗ್ರಹದ ವಿಸ್ತಾರಕ್ಕೆ ಈ ನಿರ್ಧಾರವೇ ಬಹುಮಟ್ಟಿಗೆ ಕಾರಣ.

ಸರ್ಕಾರಿ ಕಚೇರಿಗಳಲ್ಲಿ, ಕೋಟೆಗಳಲ್ಲಿ, ಉಪ್ಪಿನ ಗಣಿಗಳಲ್ಲಿ ಬಚ್ಚಿಟ್ಟಿದ್ದ ಕಾಗದಪತ್ರಗಳನ್ನು ಮಿತ್ರಪಡೆಗಳು ವಶಪಡಿಸಿಕೊಂಡ ಬಳಿಕ, ಜರ್ಮನ್ ಬಲ್ಲ ವಿಶ್ಲೇಷಕರು ಪ್ರತಿಯೊಂದನ್ನೂ ಓದಿ, ಅದರ ದಿನಾಂಕ, ಸಹಿ, ಸಿಕ್ಕಿದ ಸ್ಥಳ ಮತ್ತು ಸಾರಾಂಶವನ್ನು ಪ್ರತ್ಯೇಕ ಹಾಳೆಯಲ್ಲಿ ನಮೂದಿಸುತ್ತಿದ್ದರು. ಒಂದು ದಾಖಲೆ ಎಲ್ಲಿಂದ, ಯಾರ ಕೈ ದಾಟಿ ಬಂದಿತೆಂಬುದರ ಈ ವಿವರಕ್ಕೆ ದಾಖಲೆಶಾಸ್ತ್ರದಲ್ಲಿ ಮೂಲಪರಂಪರೆ ಎನ್ನಬಹುದು. ಅದು ಕಳೆದುಹೋದರೆ ಅತ್ಯಂತ ಭೀಕರವಾದ ಪತ್ರವೂ ನ್ಯಾಯಾಲಯದಲ್ಲಿ ಬರಿಯ ಕಾಗದವಾಗುತ್ತದೆ.

ಹೀಗೆ ಹೊರಬಂದ ದಾಖಲೆಗಳಲ್ಲಿ ನಾಜಿ ಎಸ್‌ಎಸ್ ಪಡೆಯ ಅಧಿಕಾರಿ ಯೂರ್ಗನ್ ಸ್ಟ್ರೂಪ್ 1943ರಲ್ಲಿ ಸಿದ್ಧಪಡಿಸಿದ ವರದಿಯೂ ಒಂದು. ವಾರ್ಸಾದ ಯಹೂದಿ ಬಡಾವಣೆ ಇನ್ನಿಲ್ಲವೆಂದು ಮುಖಪುಟದಲ್ಲಿಯೇ ಸಾರುವ ಈ ವರದಿ, ಸೆರೆಸಿಕ್ಕವರ ಮತ್ತು ಹತರಾದವರ ಒಟ್ಟು ಸಂಖ್ಯೆಯನ್ನು 56,065 ಎಂದು ದಾಖಲಿಸಿ, ಛಾಯಾಚಿತ್ರಗಳನ್ನೂ ಅಂಟಿಸಿಕೊಂಡಿದೆ. ಮೇಲಧಿಕಾರಿಗಳ ಮೆಚ್ಚುಗೆಗಾಗಿ ತಯಾರಾದದ್ದು ಬರೆದವನ ವಿರುದ್ಧವೇ ಸಾಕ್ಷ್ಯವಾಯಿತು. ಪೂರ್ವ ಯುರೋಪಿನಲ್ಲಿ ಸಾಮೂಹಿಕ ಹತ್ಯೆ ನಡೆಸಿದ ಐನ್‌ಸಾಟ್ಸ್‌ಗ್ರುಪ್ಪೆನ್ ಎಂಬ ವಿಶೇಷ ತುಕಡಿಗಳ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಅವುಗಳ ವರದಿಗಳು ಬರ್ಲಿನ್‌ನಲ್ಲಿ ಸಿಕ್ಕಾಗ, ವಕೀಲ ಬೆಂಜಮಿನ್ ಫೆರೆಂಜ್ ಅವುಗಳಲ್ಲಿದ್ದ ಹತ್ಯೆಗಳ ಸಂಖ್ಯೆಯನ್ನು ಕೂಡುತ್ತ ಹೋಗಿ, ಮೊತ್ತ ಹತ್ತು ಲಕ್ಷ ದಾಟಿದಾಗ ಎಣಿಕೆ ನಿಲ್ಲಿಸಿದರು. 1947ರಲ್ಲಿ, ಈ ತುಕಡಿಗಳ ಅಧಿಕಾರಿಗಳ ವಿರುದ್ಧ ನಡೆದ ಪ್ರತ್ಯೇಕ ಮೊಕದ್ದಮೆಯಲ್ಲಿ ಕೇವಲ 27ರ ವಯಸ್ಸಿನಲ್ಲಿ ಮುಖ್ಯ ಅಭಿಯೋಜಕರಾಗಿದ್ದ ಅವರು ಸಾಕ್ಷಿಗಳನ್ನು ಕರೆಸದೆ, ಆ ವರದಿಗಳನ್ನೇ ಮುಂದಿಟ್ಟು ಎರಡು ದಿನಗಳಲ್ಲಿ ತಮ್ಮ ವಾದವನ್ನು ಮಂಡಿಸಿ ಮುಗಿಸಿದರು. ತೀರ್ಪನ್ನು ಎದುರಿಸಿದ 22 ಮಂದಿಯೂ ಅಪರಾಧಿಗಳೆಂದು ಸಾಬೀತಾಯಿತು.

ಜಪಾನಿನ ಪರಿಸ್ಥಿತಿ ಬೇರೆಯಾಗಿತ್ತು. ಅಲ್ಲಿ 1945ರ ಆಗಸ್ಟ್‌ನಲ್ಲಿ, ಶರಣಾಗತಿಯ ಘೋಷಣೆಗೂ ಮಿತ್ರಪಡೆಗಳ ಆಗಮನಕ್ಕೂ ನಡುವಿನ ದಿನಗಳಲ್ಲಿ ಸೇನೆ ಮತ್ತು ಸರ್ಕಾರ ರಾಶಿರಾಶಿ ಕಡತಗಳನ್ನು ಸುಟ್ಟುಹಾಕಿದ್ದರಿಂದ, ಏಷ್ಯಾದ ವಿಚಾರಣೆಗಳು ಬದುಕುಳಿದವರ ಅಫಿಡವಿಟ್‌ಗಳನ್ನು, ಅಂದರೆ ಪ್ರಮಾಣಪೂರ್ವಕ ಲಿಖಿತ ಹೇಳಿಕೆಗಳನ್ನು, ಹೆಚ್ಚಾಗಿ ನೆಚ್ಚಬೇಕಾಯಿತು. ಜಪಾನಿನ ನಾಯಕರನ್ನು ಕುರಿತ ಟೋಕಿಯೋ ವಿಚಾರಣೆಯೆಂದರೆ ಭಾರತೀಯರಿಗೆ ನೆನಪಾಗುವುದು ನ್ಯಾಯಮೂರ್ತಿ ರಾಧಾವಿನೋದ ಪಾಲ್ ಅವರ ಭಿನ್ನಮತದ ತೀರ್ಪು. ಆದರೆ 1946ರ ಜನವರಿಯಲ್ಲಿ ಸಿಂಗಪುರದಲ್ಲಿ ಬ್ರಿಟಿಷ್ ಸೈನಿಕ ನ್ಯಾಯಾಲಯ ಕೈಗೆತ್ತಿಕೊಂಡ ಮೊಟ್ಟಮೊದಲ ಮೊಕದ್ದಮೆ, ಪಲಾವ್ ದ್ವೀಪಗಳಿಗೆ ಸಾಗಿಸಲ್ಪಟ್ಟು ಅಲ್ಲಿ ಹಿಂಸೆಗೊಳಗಾದ ಭಾರತೀಯ ಯುದ್ಧಕೈದಿಗಳನ್ನು ಕುರಿತದ್ದೆಂಬುದು ಇಲ್ಲಿ ಬಹುತೇಕ ಅಜ್ಞಾತವಾಗಿಯೇ ಉಳಿದಿರುವುದು ನೋವಿನ ಸಂಗತಿ. ಬ್ರಿಟಿಷ್ ಸೈನಿಕ ನ್ಯಾಯಾಲಯಗಳ ಇಂಥ ಕಡತಗಳು ಲಂಡನ್ನಿನ ಕ್ಯೂ ಪ್ರದೇಶದ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಸಂಗ್ರಹಿಸಿದ್ದೆಲ್ಲವೂ ಓದಲು ಸಿಗುತ್ತಿತ್ತೆಂದಲ್ಲ. ಭಾರತವೂ ಸದಸ್ಯನಾಗಿದ್ದ, 1943ರಿಂದ 1948ರವರೆಗೆ ಲಂಡನ್ನಿನಲ್ಲಿ ಕೆಲಸ ಮಾಡಿದ ಸಂಯುಕ್ತ ರಾಷ್ಟ್ರಗಳ ಯುದ್ಧಾಪರಾಧ ಆಯೋಗದ ಕಡತಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಪತ್ರಾಗಾರದಲ್ಲಿ ದಶಕಗಳ ಕಾಲ ನಿರ್ಬಂಧದಲ್ಲಿದ್ದವು. 1972ರಿಂದ 1981ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕುರ್ಟ್ ವಾಲ್ಡ್‌ಹೈಮ್ ವಿರುದ್ಧ ಯುಗೋಸ್ಲಾವಿಯ ಸಲ್ಲಿಸಿದ್ದ ಆರೋಪಪತ್ರ ಅದೇ ವಿಶ್ವಸಂಸ್ಥೆಯ ಪತ್ರಾಗಾರದಲ್ಲಿತ್ತೆಂಬುದು 1986ರಲ್ಲಿ ಬಯಲಾದ ಮೇಲೆಯೇ ನಿಯಮ ತುಸು ಸಡಿಲವಾಯಿತು. ಆ ಆರೋಪ ಯಾವ ನ್ಯಾಯಾಲಯದಲ್ಲಿಯೂ ಪರೀಕ್ಷೆಗೆ ಒಳಗಾಗಲಿಲ್ಲ. ಆರೋಪಪತ್ರವನ್ನು ತೀರ್ಪೆಂದು ಓದಬಾರದೆಂಬ ಎಚ್ಚರ ಈ ಕಡತಗಳನ್ನು ತೆರೆಯುವ ಪ್ರತಿಯೊಬ್ಬರಿಗೂ ಅಗತ್ಯ. 2017ರಲ್ಲಿ ಲಂಡನ್ನಿನ ವೀನರ್ ಗ್ರಂಥಾಲಯ ಆಯೋಗದ ಸಂಗ್ರಹದ ಡಿಜಿಟಲ್ ಪ್ರತಿಯನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು.